‘ಇಲ್ಲ’ ಎಂಬ ವರದಿ: ಜೊಯ್ಡಾದ ಮಜರೆಯಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ



ಈ ವೇದಿಕೆಯಲ್ಲಿ ನನಗಿಂತ ಮೊದಲು ನಿಂತವರು ಸಾಹಿತ್ಯ, ಇತಿಹಾಸಗಳ ಮಾತಾಡಿದ್ದಾರೆ. ನಾನು ಮಲದ ಡಬ್ಬಿಯ ಮಾತಾಡಲು ಬಂದವನು. ಅದನ್ನೂ ಊಟಕ್ಕೆ ಮೊದಲೇ ಇಟ್ಟಿರುವುದು ಸಂಘಟಕರ ಧೈರ್ಯ.

ನಮ್ಮ ದೇಶದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ‘ಹಾಗಾದರೆ ಇನ್ನೂ ಯಾಕ್ರೀ ಡಬ್ಬಿ ಹಿಡಕೊಂಡು ತಿರಗತೀರಿ?’ ಅಂತ ನಿವೃತ್ತಿಯಾಗುವವರೆಗೂ ಜನ ನನ್ನನ್ನು ಕೇಳುತ್ತಿದ್ದರು. ಇದೆ ಅಂತ ಹೇಳುವುದು ಸುಲಭ, ಒಂದು ಕಡೆ ಸಿಕ್ಕರೆ ಸಾಕು. ಇಲ್ಲ ಅಂತ ಹೇಳಬೇಕಾದರೆ ಎಲ್ಲ ಕಡೆ ಹುಡುಕಿರಬೇಕು, ಸರಿಯಾಗಿಯೂ ಹುಡುಕಿರಬೇಕು.

ಹುಡುಕುವುದು ಸೋತ ಕಾಲಿನಿಂದ ಶುರುವಾಗುತ್ತದೆ. 15 ವರ್ಷದೊಳಗಿನ ಯಾವುದೇ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಮೆತ್ತಗಾಗಿ ಬಲ ಕಳೆದುಕೊಂಡರೆ ನಾವು ಆರೋಗ್ಯ ಇಲಾಖೆಯವರು ಅದನ್ನು ಎಎಫ್‌ಪಿ ಅನ್ನುತ್ತೇವೆ. ಕಾರಣ ಪೋಲಿಯೊ ಅಲ್ಲದೆ ಬೇರೆ ಏನಾದರೂ ಇರಬಹುದು, ಈಗಂತೂ ಬಹುತೇಕ ಬೇರೆಯೇ ಇರುತ್ತದೆ. ಆದರೂ ಬಲ ಹೋದ ದಿನದಿಂದ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ, ಎರಡು ಸಲ ಮಲ ಹಿಡಿಯಬೇಕು. ವೈರಾಣು ದಿನವೂ ಒಂದೇ ಸಮ ಹೊರಬೀಳುವುದಿಲ್ಲ, ದಿನ ಕಳೆದಂತೆ ಕಡಿಮೆಯೂ ಆಗುತ್ತದೆ, ಅದಕ್ಕೇ ಎರಡು. ಒಂದೊಂದೂ 8 ಗ್ರಾಂ, ಅಂದರೆ ದೊಡ್ಡವರ ಹೆಬ್ಬೆರಳಿನಷ್ಟು.

ಜೊಯ್ಡಾದ ಕುಣಬಿ ತಾಯಿಗೆ ಇದನ್ನು ಕೊಂಕಣಿಯಲ್ಲಿ ಹೇಳಬೇಕು, ಹಳಿಯಾಳದ ಕೆಲವು ಮನೆಗಳಲ್ಲಿ ಮರಾಠಿಯಲ್ಲಿ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಹೆಬ್ಬೆರಳು ತೋರಿಸಿದರೆ ಮುಗಿಯಿತು. ಅದಕ್ಕೂ ಮೊದಲು ಮಗು ನಮ್ಮ ಕಣ್ಣಿಗೆ ಬೀಳಬೇಕಲ್ಲ? ಕಾಲು ಸೋತ ಮಗುವನ್ನು ಮೊದಲು ನೋಡುವವರು ಎಷ್ಟೋ ಸಲ ನಾಟಿ ವೈದ್ಯರು, ಇಲ್ಲವೆ ದೇವರು ಕೇಳುವವರು. ಅವರನ್ನೂ ನಮ್ಮ ಸುದ್ದಿಗಾರರ ಪಟ್ಟಿಗೆ ಸೇರಿಸಿಕೊಂಡದ್ದು ಪೋಲಿಯೊ ಕಾರ್ಯಕ್ರಮದ ಜಾಣತನ. ದೊಡ್ಡ ಆಸ್ಪತ್ರೆಗಳಿಗಿಂತ ಬೇಗ ಅವರೇ ಫೋನ್ ಮಾಡಿದ್ದುಂಟು.

ಡಬ್ಬಿಗಳು ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆಯೊಳಗೆ ಹೋಗುತ್ತವೆ. ಪ್ರಯೋಗಾಲಯ ಮುಟ್ಟುವ ತನಕ 2ರಿಂದ 8 ಡಿಗ್ರಿ, ಮುಟ್ಟಲಿಕ್ಕೆ 72 ಗಂಟೆ. ನಮ್ಮ ಮಾದರಿ ಹೋಗುವುದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ ಬೆಂಗಳೂರು ಘಟಕಕ್ಕೆ. ಜೊಯ್ಡಾದಿಂದ ದಾಂಡೇಲಿ, ಹಳಿಯಾಳ, ಧಾರವಾಡ, ಅಲ್ಲಿಂದ ರಾತ್ರಿ ಪಯಣ. ಪ್ರಯೋಗಾಲಯದಲ್ಲಿ ಪೆಟ್ಟಿಗೆ ಬಿಚ್ಚಿದವರು ಮೊದಲು ಬರೆದುಕೊಳ್ಳುವುದು ವೈರಾಣುವಿನ ಸಂಗತಿಯಲ್ಲ. ಮಂಜು ಉಳಿದಿದೆಯೆ, ಡಬ್ಬಿ ಸೋರಿದೆಯೆ, ಮಲ ಸಾಕಷ್ಟಿದೆಯೆ, ಇಷ್ಟು.

ಆಮೇಲಿನದು ಅಡುಗೆಮನೆಯ ಕೆಲಸದಂತಿದೆ. ಸುಮಾರು 2 ಗ್ರಾಂ ಮಲಕ್ಕೆ ಉಪ್ಪಿನ ದ್ರಾವಣ, ಗಾಜಿನ ಮಣಿ, ಕ್ಲೋರೋಫಾರ್ಮ್ ಸೇರಿಸಿ 20 ನಿಮಿಷ ಜೋರಾಗಿ ಕುಲುಕುತ್ತಾರೆ. ಬ್ಯಾಕ್ಟೀರಿಯಾ, ಬೂಷ್ಟು ಸಾಯುತ್ತವೆ. ಪೋಲಿಯೊ ವೈರಾಣುವಿಗೆ ಕೊಬ್ಬಿನ ಹೊದಿಕೆಯೇ ಇಲ್ಲವಾದ್ದರಿಂದ ಕ್ಲೋರೋಫಾರ್ಮ್ ಅದಕ್ಕೆ ಏನೂ ಮಾಡುವುದಿಲ್ಲ. ಯಂತ್ರದಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದು, ಜೀವಕೋಶ ಬೆಳೆಸಿಟ್ಟ ಟ್ಯೂಬುಗಳಿಗೆ ಹನಿಸುತ್ತಾರೆ.

ಜೀವಕೋಶಗಳಲ್ಲಿ ಎರಡು ಬಗೆ. ಆರ್‌ಡಿ ಎಂಬುದು ಮನುಷ್ಯನ ಸ್ನಾಯುವಿನ ಗಡ್ಡೆಯಿಂದ ಬಂದದ್ದು, ಕರುಳಿನ ಹಲವಾರು ವೈರಾಣುಗಳಿಗೆ ಅಲ್ಲಿ ಜಾಗವಿದೆ. ಎಲ್20ಬಿ ಇಲಿಯದು. ಇಲಿಗೆ ಪೋಲಿಯೊ ತಗಲುವುದಿಲ್ಲ, ವೈರಾಣು ಹಿಡಿದುಕೊಳ್ಳುವ ಕೊಂಡಿ ಅದರ ಕೋಶದ ಮೇಲೆ ಇರುವುದಿಲ್ಲ. ವಿಜ್ಞಾನಿಗಳು ಮನುಷ್ಯನ ಆ ಕೊಂಡಿಯ ವಂಶವಾಹಿಯನ್ನು ಇಲಿಯ ಕೋಶಕ್ಕೆ ಸೇರಿಸಿದರು. ಹಾಗಾಗಿ ಎಲ್20ಬಿಯಲ್ಲಿ ಏನಾದರೂ ಬೆಳೆಯಿತೆಂದರೆ ಹೆಚ್ಚುಕಡಿಮೆ ಅದು ಪೋಲಿಯೊನೇ. ಎಂಥ ಸೊಗಸಾದ ಉಪಾಯ!

ತರಬೇತಿಗೆ ಹೋದಾಗ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಇಣುಕಿದ್ದೆ. ಚೆನ್ನಾಗಿರುವ ಕೋಶಗಳು ಸಾರಿಸಿದ ಅಂಗಳದ ಹಾಗೆ ಒತ್ತಾಗಿ ಹಬ್ಬಿದ್ದವು. ವೈರಾಣು ಹೊಕ್ಕ ಟ್ಯೂಬಿನಲ್ಲಿ ಅವೇ ದುಂಡಗಾಗಿ, ಬೆಂದ ಸಾಬೂದಾನಿಯಂತೆ ಮಿನುಗುತ್ತ, ಗೋಡೆ ಬಿಟ್ಟು ತೇಲುತ್ತಿದ್ದವು. ಮೊದಲು ಐದು ದಿನ ನೋಡುತ್ತಾರೆ, ಹೊಸ ಟ್ಯೂಬಿಗೆ ದಾಟಿಸಿ ಮತ್ತೆ ಐದು ದಿನ. ಹಿಂದೆ ವರದಿಗೆ 28 ದಿನದ ಗಡುವು ಇತ್ತು, ಆಮೇಲೆ 14ಕ್ಕೆ ಇಳಿಯಿತು. ಪೋಲಿಯೊ ಸಿಕ್ಕರೆ ಪಿಸಿಆರ್ ಅದರ ಜಾತಕ ಹೇಳುತ್ತದೆ: ಕಾಡಿನದೋ ಲಸಿಕೆಯದೋ, ಯಾವ ವಿಧದ್ದು. ಅನುಮಾನ ಬಂದರೆ ವಿಪಿ1 ಎಂಬ ವಂಶವಾಹಿ ತುಣುಕಿನ ಸುಮಾರು 900 ಅಕ್ಷರಗಳನ್ನು ಓದುತ್ತಾರೆ. ವರ್ಷಕ್ಕೆ ನೂರಕ್ಕೆ ಒಂದರಂತೆ ಆ ಅಕ್ಷರಗಳು ಬದಲಾಗುತ್ತವೆ. ಎಷ್ಟು ಬದಲಾಗಿವೆ ಎಂದು ಎಣಿಸಿದರೆ, ವೈರಾಣು ಎಷ್ಟು ಕಾಲದಿಂದ ಕಣ್ಣುತಪ್ಪಿಸಿ ತಿರುಗುತ್ತಿತ್ತು ಎಂಬ ಅಂದಾಜು ಸಿಗುತ್ತದೆ.

ಏನೂ ಬೆಳೆಯದಿದ್ದರೆ? ‘ಇಲ್ಲ’ ಎಂಬ ವರದಿಗೂ ಸಾಕ್ಷಿ ಬೇಕು. ಮಕ್ಕಳ ಕರುಳಿನಲ್ಲಿ ಪೋಲಿಯೊದ ದಾಯಾದಿಗಳಾದ ಬೇರೆ ಎಂಟೆರೊವೈರಸ್‌ಗಳು ಸದಾ ಇರುತ್ತವೆ. ಸುಮಾರು ನೂರಕ್ಕೆ ಹತ್ತು ಮಾದರಿಗಳಲ್ಲಿ ಅವು ಸಿಗಬೇಕೆಂಬುದು ಬಹುಕಾಲದ ಅಳತೆ. ಒಂದು ಪ್ರದೇಶದಿಂದ ಬಂದ ಮಾದರಿಗಳಲ್ಲಿ ಅವೂ ಸಿಗದೇ ಹೋದರೆ ಪ್ರಯೋಗಾಲಯದವರು ಖುಷಿಪಡುವುದಿಲ್ಲ, ದಾರಿಯಲ್ಲಿ ಮಂಜು ಕರಗಿತೇನೋ ಎಂದು ಅನುಮಾನಿಸುತ್ತಾರೆ.

ಪೇಟೆಯವರಿಗೆ ಇನ್ನೊಂದು ದಾರಿಯಿದೆ. ಪೋಲಿಯೊ ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗಷ್ಟೇ ಅಂಗ ಸೋಲುತ್ತದೆ, ಉಳಿದವರು ಮಲದಲ್ಲಿ ವೈರಾಣು ಬಿಡುತ್ತ ಆರಾಮವಾಗಿ ಓಡಾಡುತ್ತಾರೆ. ಅದಕ್ಕೇ ಮುಂಬಯಿಯಲ್ಲಿ 2001ರಿಂದ ಗಟಾರದ ನೀರನ್ನೇ ಪರೀಕ್ಷಿಸಲು ಹೊರಟರು. 2016ರಲ್ಲಿ ಹೈದರಾಬಾದಿನ ಚರಂಡಿ ನೀರಲ್ಲಿ ಲಸಿಕೆ ಮೂಲದ ಎರಡನೇ ವಿಧದ ವೈರಾಣು ಸಿಕ್ಕಾಗ ಕಾಲು ಸೋತ ಮಗು ಒಂದೂ ಇರಲಿಲ್ಲ, ಆದರೂ ಮಕ್ಕಳಿಗೆ ಲಸಿಕೆ ಚುಚ್ಚಿದರು. ಜೊಯ್ಡಾದ ಕಾಡಿನ ಮಜರೆಗಳಲ್ಲಿ ಗಟಾರ ಎಲ್ಲಿಂದ ಬರಬೇಕು? ಮೇಘಾಲಯದ ಗಾರೊ ಗುಡ್ಡಗಳಲ್ಲಿ 2024ರಲ್ಲಿ ಲಸಿಕೆ ಮೂಲದ ಪೋಲಿಯೊ ಪತ್ತೆಯಾದದ್ದೂ ಒಂದು ಮಗುವಿನ ಕಾಲಿನಿಂದಲೇ. ನಮ್ಮಲ್ಲೂ ಆ ಹೆಬ್ಬೆರಳಿನಷ್ಟು ಮಲವೇ ಗತಿ.

ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಂದು ಮಳೆಗಾಲ, ಜೊಯ್ಡಾದ ಕಡೆಯಿಂದ ಪೆಟ್ಟಿಗೆ ಹೊತ್ತು ಬರುತ್ತಿದ್ದೆ. ದಾರಿಗಡ್ಡ ಮರ ಬಿದ್ದು ಬಸ್ಸು ರಾತ್ರಿಯಿಡೀ ನಿಂತಿತು. ಹೊರಡುವಾಗ ಐಸ್ ಪ್ಯಾಕ್ ಪೂರ್ತಿ ಗಟ್ಟಿಯಾಗಿರಲಿಲ್ಲ, ಕರೆಂಟು ಹೋಗಿತ್ತು, ಗೊತ್ತಿದ್ದೂ ಹೊರಟಿದ್ದೆ. ಬೆಳಿಗ್ಗೆ ಪೆಟ್ಟಿಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಪ್ಯಾಕಿನೊಳಗೆ ನೀರು ತುಳುಕುವ ಸದ್ದು. ಹಾಗೇ ಕಳಿಸಿದೆ. ವರದಿ ಬಂತು: ವೈರಾಣು ಇಲ್ಲ. ದಾಯಾದಿಗಳೂ ಇಲ್ಲ. ಮಾದರಿಯ ಸ್ಥಿತಿ, ಕೆಟ್ಟದ್ದು.

ಮಾದರಿ ಹೀಗಾದಾಗ ಬಲ ಹೋದ 60 ದಿನಕ್ಕೆ ಮಗುವನ್ನು ಮತ್ತೆ ನೋಡಲೇಬೇಕು. ವೈದ್ಯರ ಜೊತೆ ನಾನೂ ಹೋದೆ. ಹುಡುಗ ಕೊಟ್ಟಿಗೆಯಲ್ಲಿ ಕರುವಿನ ಕಿವಿ ಹಿಡಿದು ನಿಂತಿದ್ದ. ಕುಕ್ಕರಗಾಲಲ್ಲಿ ಕೂತು ಏಳಪ್ಪಾ ಎಂದರು ವೈದ್ಯರು. ಎದ್ದ. ಆಟವೆಂದುಕೊಂಡು ಮತ್ತೆ ಕೂತ, ಎದ್ದ, ಸಾಕು ಅಂದರೂ ಬಿಡಲಿಲ್ಲ. ಫಾರಂನಲ್ಲಿ ‘ದೌರ್ಬಲ್ಯ ಉಳಿದಿಲ್ಲ’ ಎಂದು ಬರೆದಾಯಿತು.

ಹೊರಡುವಾಗ ಅವನ ತಾಯಿ ಕೊಂಕಣಿಯಲ್ಲಿ ಕೇಳಿದಳು, ಆ ಡಬ್ಬಿಯಲ್ಲಿ ಏನಾದರೂ ಸಿಕ್ಕಿತೇ ಎಂದು.

‘ಏನೂ ಇಲ್ಲವಂತೆ ತಾಯಿ’ ಎಂದೆ. ಅವಳು ಕೈಮುಗಿದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ.