ಸಾವಿರ ಪ್ರತಿಗಳ ಲೆಕ್ಕ

ಅತ್ತಿಮಬ್ಬೆಯ ಕಥೆ ಬೆಳುಂಕಿಯ ನಿಮಗೆ ಹೊಸದಲ್ಲ. ಮಲ್ಲಪನ ಮಗಳು, ನಾಗದೇವನ ಹೆಂಡತಿ. ಗಂಡ ತೀರಿಕೊಂಡಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದಳು, ಈಕೆ ಮಗ ಅಣ್ಣಿಗನಿಗಾಗಿ ಉಳಿದಳು. 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಇಷ್ಟನ್ನು ಕನ್ನಡ ಸಾಲಿಯ ಮಾಸ್ತರರೇ ಹೇಳಿಕೊಟ್ಟಿದ್ದಾರೆ. ಆದರೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬ ಮಾತನ್ನು ಮಾಸ್ತರರೂ ನಾವೂ ಒಂದೇ ಉಸಿರಿಗೆ ಹೇಳಿ ಮುಂದೆ ಸಾಗುತ್ತೇವೆ. ನನ್ನ ತಕರಾರು ಅಲ್ಲೇ ಇದೆ. ತಾಳೆಗರಿಯನ್ನು ಬೇಯಿಸಿ, ನೆರಳಲ್ಲಿ ಆರಿಸಿ, ಉಜ್ಜಿ ನುಣುಪು ಮಾಡಿ, ಒಂದಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆಯಬೇಕು. ಲಿಪಿಕಾರ ಕಬ್ಬಿಣದ ಕಂಟ ಹಿಡಿದು ಕೂತರೆ, ಕೈ ಬಿಗಿಯಾದಲ್ಲಿ ಗರಿ ಸೀಳುತ್ತದೆ, ಸಡಿಲಾದಲ್ಲಿ ಅಕ್ಷರ ಮೂಡದು. ಮಸಿ ಸವರಿ ಒರೆಸಿದ ಮೇಲೆಯೇ ಗೆರೆ ಕಣ್ಣಿಗೆ ಕಾಣುವುದು. ಇಡೀ ಚಂಪೂಕಾವ್ಯ ಹೀಗೆ, ಅದೂ ಸಾವಿರ ಸಲ! ಸಾವಿರ ಎಂಬುದು ಹೊಗಳಿಕೆಯ ಅಂಕಿ ಎನ್ನಿ, ನೂರಕ್ಕೇ ಇಳಿಸಿ. ಆಗಲೂ ಅದೊಂದು ದೊಡ್ಡ ಕಾರಖಾನೆಯ ಕೆಲಸ. 1500 ಜಿನಬಿಂಬಗಳನ್ನೂ ಮಾಡಿಸಿದಳೆನ್ನುತ್ತಾರೆ. ಬಿಂಬಕ್ಕೆ ಭಕ್ತರಿದ್ದರೆ ಸಾಕು. ಪುಸ್ತಕಕ್ಕೆ ಓದುಬಲ್ಲ ಒಬ್ಬ ಬೇಕು, ಕೂತು ಕೇಳುವ ನಾಲ್ವರು ಬೇಕು.

ಪ್ರತಿ ಹಂಚುವುದು ಪುಣ್ಯದ ಬಾಬತ್ತು, ವಿದ್ಯೆಗೇನು ಸಂಬಂಧ ಎನ್ನುವವರಿದ್ದಾರೆ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಜೈನರು ಶಾಸ್ತ್ರದಾನವನ್ನೂ ಇಟ್ಟಿರುವುದು ನಿಜ. ಪುಣ್ಯಕ್ಕೆಂದು ಕೊಟ್ಟ ಪುಸ್ತಕವನ್ನೂ ಓದಲೇಬೇಕಲ್ಲ! ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಶಾಂತಿಪುರಾಣವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಅವನ ಸಹೋದರ ಪುನ್ನಮಯ್ಯ, ಹಾಗಾಗಿ ಇದು ಮನೆತನದ ಕೀರ್ತಿಯ ಕೆಲಸ. ಇರಬಹುದು, ಆದರೆ ಕೀರ್ತಿಗೆ ಒಂದು ಕಲ್ಲಿನ ಶಾಸನ ಸಾಕಿತ್ತು. ಪೊನ್ನನ ಇನ್ನೊಂದು ಕಾವ್ಯ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ, ಶಾಂತಿಪುರಾಣ ಸಿಕ್ಕಿದೆ. ಆ ಪ್ರತಿಗಳಿಂದಲೇ ಉಳಿಯಿತು ಎಂದುಬಿಡಲು ನಾಲಿಗೆ ತುರಿಸುತ್ತದೆ. ಹಾಗೆಂದರೆ ತಪ್ಪಾದೀತು. ರನ್ನನ ಗದಾಯುದ್ಧ ಇಂಥ ಆಸರೆಯಿಲ್ಲದೆಯೂ ಉಳಿದಿದೆ. ಪ್ರತಿ ಹೆಚ್ಚಿದಷ್ಟೂ ಗೆದ್ದಲಿಗೆ, ಬೆಂಕಿಗೆ ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ ಎಂಬಷ್ಟನ್ನೇ ನಾನು ವಾದಿಸುತ್ತೇನೆ.

ನನ್ನನ್ನು ನಿಜಕ್ಕೂ ಕಾಡುವವನು ರನ್ನ. ಮುಧೋಳದ ಬಳೆಗಾರರ ಮನೆಯ ಆ ಹುಡುಗನಿಗೆ ವಿದ್ಯೆ ಕೊಟ್ಟವರು ಅಜಿತಸೇನಾಚಾರ್ಯರು, ಆಸರೆಯಾದವನು ಚಾವುಂಡರಾಯ. ಅತ್ತಿಮಬ್ಬೆ ಬಂದದ್ದು ಅವನು ಕವಿಯಾದ ಮೇಲೆ. ಅಕ್ಷರ ಕಲಿಸಿದವರನ್ನೂ ಕಲಿತವನ ಕೈಗೆ ಪುಸ್ತಕ ಇಟ್ಟವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಮಹಾರಾಷ್ಟ್ರದ ಈ ಜತ್ತ ತಾಲೂಕಿನಲ್ಲಿ ಕನ್ನಡ ಸಾಲಿಗಳಿವೆ. ಸಾಲಿ ಮುಗಿಸಿದ ಹುಡುಗಿಗೆ ಆಮೇಲೆ ಓದಲು ಯಾವ ಕನ್ನಡ ಪುಸ್ತಕ ಸಿಗುತ್ತದೆ ಎಂದು ಯೋಚಿಸಿದಾಗ ನಾನು ಅತ್ತಿಮಬ್ಬೆಯ ಪಕ್ಷ. ಆದರೆ ಆ ಸಾವಿರದಲ್ಲಿ ಒಂದಾದರೂ ಬಳೆಗಾರರ ಓಣಿಗೆ ಹೋಗಿತ್ತೇ, ಹೆಣ್ಣುಮಗಳೊಬ್ಬಳು ತಾನೇ ಕಟ್ಟು ಬಿಚ್ಚಿ ಓದಿದಳೇ ಎಂದು ನಿಮ್ಮಲ್ಲಿ ಯಾರಾದರೂ ಎದ್ದು ಕೇಳಿದರೆ, ಆಗಲೂ ನಾನು ಇದೇ ಪಕ್ಷದಲ್ಲಿ ನಿಲ್ಲಬೇಕೇ?