ಇಲಿಗೆ ವಾಸಿಯಾದ ಮರೆವು



ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೇಷ್ಟ್ರು ಹೇಳಿದ್ದಾರೆ. ನಾನು ಡಾಕ್ಟರಲ್ಲ, ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ನಮ್ಮ ಅಜ್ಜಿಗೆ ಮರೆವು ಶುರುವಾದ ಮೇಲೆ ಈ ವಿಷಯ ಓದಬೇಕಾಯಿತು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದವರು ಈಗ ನನ್ನನ್ನೇ 'ನೀನು ಯಾರ ಮನೆ ಹುಡುಗ?' ಎನ್ನುತ್ತಾರೆ. ಅರವತ್ತಕ್ಕೆ ಅರಳುಮರಳು ಎಂದು ಕೆಲವರು ಸಮಾಧಾನ ಹೇಳಿದರು. ನೆಂಟರೊಬ್ಬರು ಮೊಬೈಲ್ ತೋರಿಸಿ, 'ಅಶ್ವಗಂಧ ಕೊಡಿ, ಇಲಿಗೆ ವಾಸಿಯಾಗಿದೆಯಂತೆ' ಎಂದರು.

ಸುದ್ದಿ ಸುಳ್ಳಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಂಶೋಧನೆ ಅದು. ಆಲ್ಝೈಮರ್ಸ್ ಇದ್ದ ಇಲಿಗಳಿಗೆ ಅಶ್ವಗಂಧ ಬೇರಿನ ಸಾರವನ್ನು 30 ದಿನ ಬಾಯಿ ಮೂಲಕ ಕೊಟ್ಟರು. ನೆನಪು ಸುಧಾರಿಸಿತು. ಸ್ವಾರಸ್ಯವೆಂದರೆ ಔಷಧ ಕೆಲಸ ಮಾಡಿದ್ದು ಲಿವರ್‌ನಲ್ಲಿ! ಅಲ್ಲಿ ಹೆಚ್ಚಾದ ಒಂದು ಪ್ರೋಟೀನು ಮಿದುಳಿನ ಕಸವನ್ನು ರಕ್ತಕ್ಕೆ ಎಳೆದುಕೊಂಡಿತ್ತು.

ಇಲಿಯೇ ಏಕೆ? ನಮ್ಮ ಏಲಕ್ಕಿ ತಿನ್ನುವ ಇಲಿಯಲ್ಲ, ಪ್ರಯೋಗಾಲಯದಲ್ಲಿ ಸಾಕಿದ ಸಣ್ಣ ಇಲಿ. ಆಯಸ್ಸು ಎರಡು ಮೂರು ವರ್ಷ. ಇಲ್ಲಿ ಎಂಟನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಬರೆಯುವಷ್ಟರಲ್ಲಿ ಅದರ ಬಾಲ್ಯ, ಯೌವನ, ಮುಪ್ಪು ಎಲ್ಲ ಮುಗಿದಿರುತ್ತದೆ. ಅಮೆರಿಕದ ಮೂರು ಪ್ರಯೋಗಾಲಯಗಳು 600 ದಿನದ ಮುದಿ ಇಲಿಗಳಿಗೆ ರಾಪಾಮೈಸಿನ್ ಎಂಬ ಔಷಧ ತಿನ್ನಿಸಿ, ಆಯಸ್ಸು ಹೆಚ್ಚಿದ್ದನ್ನು 2009ರಲ್ಲಿ ತೋರಿಸಿದವು. ಅದು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ. ಆಯಸ್ಸು ಹೆಚ್ಚುತ್ತದೆಂದು ನುಂಗುವಂಥದ್ದಲ್ಲ.

ತೊಡಕು ಇನ್ನೊಂದಿದೆ. ಇಲಿಗೆ ತಾನಾಗಿ ಆಲ್ಝೈಮರ್ಸ್ ಬರುವುದಿಲ್ಲ. ಕೆಲವೇ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಈ ಕಾಯಿಲೆ ತರುವ ಮನುಷ್ಯರ ಜೀನುಗಳನ್ನು ಅದಕ್ಕೆ ಸೇರಿಸುತ್ತಾರೆ. ಆಗ ಮಿದುಳಿನಲ್ಲಿ ಅಮಿಲಾಯ್ಡ್ ಗಂಟುಗಟ್ಟುತ್ತದೆ, ಇಲಿ ದಾರಿ ಮರೆಯುತ್ತದೆ. ನಮ್ಮ ಹಿರಿಯರ ಮರೆವಿನಲ್ಲಿ ಬಿಪಿ, ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ ಎಲ್ಲ ಕಲಸಿಕೊಂಡಿರಬಹುದು. ಟೆಸ್ಟ್ ಮಾಡುವಾಗ ಸರಿಯಾಗಿ ಓಡಿದ ಪ್ರೋಗ್ರಾಂ ಗಿರಾಕಿಯ ಕಂಪ್ಯೂಟರಿನಲ್ಲಿ ಕೈಕೊಡುವುದು ನಮಗೆ ಮಾಮೂಲು. ಇಲಿಯಲ್ಲಿ ಗೆದ್ದ ಎಷ್ಟೋ ಆಲ್ಝೈಮರ್ಸ್ ಔಷಧಗಳು ಮನುಷ್ಯರಲ್ಲಿ ಸೋತಿವೆ. ಅಂಗಡಿಯ ಅಶ್ವಗಂಧ ಪುಡಿಯಂತೂ ಆ ಸಾರವೇ ಅಲ್ಲ.

ಹಾಗಾಗಿ ಮನುಷ್ಯರನ್ನೇ ನೋಡಬೇಕು. ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುವ ಕೆಲಸ ಹಿಡಿದಿದ್ದಾರೆ. ಶಾಲೆಗೇ ಹೋಗದವರ ನೆನಪನ್ನು ಅಳೆಯುವುದು ಸುಲಭವಲ್ಲ. ನನಗೆ ಇಲಿಗಿಂತ ಈ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಮನೆಯಲ್ಲಿ ಯಾರಿಗಾದರೂ ಹಾಗಿದ್ದರೆ, ಮಳೆಗಾಲ ಕಳೆಯಲಿ, ಕಾಫಿ ಕುಯ್ಲು ಮುಗಿಯಲಿ ಎನ್ನದೆ ಡಾಕ್ಟರಿಗೆ ತೋರಿಸಿ. ಮಕ್ಕಳಿಗೆ ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಸಿಗುತ್ತೇನೆ.