ಕಲ್ಲಿದ್ದಲಿನ ಅನ್ವೇಷಣೆಯೂ ನೆಲದ ಪೂರ್ವಪರೀಕ್ಷೆಯೂ



ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಸಾಗಿಸಿದಾಗ ನಮ್ಮ ನಾಡು ನೀರಿನ ಬಲವನ್ನೇ ನೆಚ್ಚಿಕೊಂಡಿತ್ತು. ಆದರೆ 1985ರಲ್ಲಿ ರಾಯಚೂರಿಗೆ ಸಮೀಪದ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಕೆಲಸಕ್ಕೆ ತೊಡಗಿದಂದಿನಿಂದ, ಹೊರನಾಡುಗಳ ಕಲ್ಲಿದ್ದಲು ನಮ್ಮ ಮನೆಯ ದೀಪಗಳಿಗೂ ಆಧಾರವಾಗಿದೆ. ಆದುದರಿಂದ, ಅದನ್ನು ತೆಗೆಯುವ ನೆಲದ ಸ್ಥಿತಿಗತಿಗಳನ್ನು ಮುಂಚಿತವಾಗಿ ಯಾರು, ಎಷ್ಟರಮಟ್ಟಿಗೆ ವಿಚಾರಿಸುತ್ತಾರೆ ಎಂಬುದು ನಮಗೆ ಸಂಬಂಧಪಡದ ವಿಷಯವೆಂದು ಹೇಳುವಂತಿಲ್ಲ.

ಅನ್ವೇಷಣೆಯೆಂದರೆ ಇನ್ನೂ ಗಣಿಯನ್ನು ತೋಡುವ ಕೆಲಸವಲ್ಲ. ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ದಪ್ಪನಾದ ಪದರವಿದೆ ಎಂಬುದನ್ನು ಅರಿಯುವ ಕೆಲಸ. ಭೂವಿಜ್ಞಾನಿಗಳು ಮೊದಲು ಹಳ್ಳಕೊಳ್ಳಗಳ ದಡದಲ್ಲಿ ಹೊರಗೆ ಕಾಣುವ ಕಲ್ಲಿನ ಪದರಗಳನ್ನು ನೋಡಿ ನಕ್ಷೆಯನ್ನು ತಯಾರಿಸುತ್ತಾರೆ. ಅನಂತರ ಯಂತ್ರದಿಂದ ನೆಲವನ್ನು ಕೊರೆದು, ಕೋಲಿನಂತೆ ಹೊರಬರುವ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಗಳಲ್ಲಿ ಕ್ರಮವಾಗಿ ಜೋಡಿಸಿ ಪರೀಕ್ಷಿಸುತ್ತಾರೆ. ರಂಧ್ರವು ಒಂದು ಗೇಣಿನ ಅಗಲವೂ ಇರುವುದಿಲ್ಲ. ಇದರಿಂದ ಹಾನಿಯೇನೆಂದು ಕೇಳಬಹುದು. ಯಂತ್ರವು ಹೋಗಲು ದಾರಿ ಬೇಕು. ಕಾಡಾದರೆ ದಾರಿಗಾಗಿ ಮರಗಳನ್ನು ಕಡಿಯಬೇಕು. ಕೊರೆಯಲು ನೀರು ಬೇಕು. ಕೆಸರು ನಿಲ್ಲಲು ಗುಂಡಿ ಬೇಕು. ರಂಧ್ರವನ್ನು ಸಿಮೆಂಟಿನಿಂದ ಸರಿಯಾಗಿ ಮುಚ್ಚದಿದ್ದರೆ, ಮೇಲಿನ ಮರಳುಗಲ್ಲಿನಲ್ಲಿ ನಿಂತ ನೀರು ಕೆಳಗಿನ ಪದರಗಳಿಗೆ ಇಳಿದು ಹೋಗಬಹುದು.

ಎಚ್ಚರದಿಂದ ನಡೆದರೆ ಈ ತೊಂದರೆಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು. ನಾವು ಹೆಚ್ಚು ಯೋಚಿಸಬೇಕಾದುದು ಬೇರೊಂದಿದೆ. ನೆಲದ ಕೆಳಗೆ ಇಷ್ಟು ಕೋಟಿ ಟನ್ನು ಕಲ್ಲಿದ್ದಲಿದೆ ಎಂಬ ಲೆಕ್ಕವು ಕೈಗೆ ಬಂದ ಮೇಲೆ, ನೆಲದ ಮೇಲೆ ಏನಿದೆ ಎಂದು ಕೇಳುವವರು ಕಡಮೆಯಾಗುತ್ತಾರೆ. ಕೆಳಗಿನದಕ್ಕೆ ಅಂಕಿಯಿದೆ, ಬೆಲೆಯಿದೆ. ಮೇಲಿನದನ್ನು ಎಣಿಸಿದವರೇ ಇಲ್ಲ. ಇಂಥ ತಕ್ಕಡಿಯಲ್ಲಿ ತೀರ್ಪು ಹೇಗಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕಾನೂನಿನ ಕ್ರಮವೂ ಹೀಗೆಯೇ ಇದೆ. 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಶಾಸನದ 4ನೆಯ ಪ್ರಕರಣದ ಮೇರೆಗೆ ಅನ್ವೇಷಣೆಯ ಪ್ರಕಟಣೆ ಹೊರಟೊಡನೆ ಅಧಿಕಾರಿಗಳು ಜಮೀನನ್ನು ಪ್ರವೇಶಿಸಬಹುದು, ಕೊರೆಯಬಹುದು, ಅವಶ್ಯವಿದ್ದೆಡೆ ಬೆಳೆಯನ್ನೂ ಬೇಲಿಯನ್ನೂ ಕಡಿಯಬಹುದು. ಇದರಿಂದಾದ ನಷ್ಟಕ್ಕೆ ಪರಿಹಾರವುಂಟು. ಆದರೆ ಜನರು ಆಕ್ಷೇಪಣೆಯನ್ನು ಸಲ್ಲಿಸತಕ್ಕ ಕಾಲವು ಬರುವುದು, 7ನೆಯ ಪ್ರಕರಣದಂತೆ ಸ್ವಾಧೀನದ ಉದ್ದೇಶವನ್ನು ಪ್ರಕಟಿಸಿದ ಮೇಲೆ. ಅದಕ್ಕೆ ಅವಧಿ 30 ದಿನ.

ತಡವಾಗಿ ವಿಚಾರಿಸಿದುದರ ಫಲವನ್ನು ಛತ್ತೀಸಗಢದ ಉತ್ತರಭಾಗದಲ್ಲಿರುವ ಹಸ್‌ದೇವ್ ಅರಂಡ್ ಎಂಬ ಅರಣ್ಯದಲ್ಲಿ ಕಾಣಬಹುದು. ಇದು ಸಾಲವೃಕ್ಷಗಳ ದಟ್ಟವಾದ ಕಾಡು, ಗೋಂಡರೇ ಮೊದಲಾದ ವನವಾಸಿಗಳ ನೆಲೆ, ಆನೆಗಳ ಸಂಚಾರಭೂಮಿ. ಮಹಾನದಿಯ ಉಪನದಿಯಾದ ಹಸ್‌ದೇವ್ ಇಲ್ಲಿಯ ನೀರನ್ನು ಕೂಡಿಸಿಕೊಂಡು ಬಾಂಗೋ ಜಲಾಶಯವನ್ನು ತುಂಬುತ್ತದೆ. ಆ ಜಲಾಶಯದಿಂದ ಕೆಳಗಿನ ಜಿಲ್ಲೆಗಳ ಭತ್ತದ ಗದ್ದೆಗಳಿಗೆ ನೀರು ಹರಿಯುತ್ತದೆ. ಈ ಕಾಡಿನ ಅಡಿಯಲ್ಲಿ ಕಲ್ಲಿದ್ದಲೂ ಇದೆ. 2010ರಲ್ಲಿ ಕೇಂದ್ರ ಸರ್ಕಾರದ ಪರಿಸರ ಮತ್ತು ಕಲ್ಲಿದ್ದಲು ಇಲಾಖೆಗಳು ಕೂಡಿ ನಡೆಸಿದ ವಿಮರ್ಶೆಯಲ್ಲಿ ಈ ಪ್ರದೇಶವನ್ನು ಗಣಿಗಾರಿಕೆಗೆ ಸಲ್ಲದ ನೆಲವೆಂದು ಗುರುತಿಸಲಾಗಿತ್ತು. ಮರುವರ್ಷವೇ ಅದರ ಒಂದು ಭಾಗಕ್ಕೆ ಅರಣ್ಯದ ಅನುಮತಿ ದೊರೆಯಿತು. 2013ರಲ್ಲಿ ಅಗೆತ ಮೊದಲಾಯಿತು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಆ ಅನುಮತಿಯನ್ನು ರದ್ದುಪಡಿಸಿ, ಅಲ್ಲಿಯ ಜೀವಸಂಪತ್ತಿನ ವಿಷಯದಲ್ಲಿ ತಜ್ಞರ ಅಭಿಪ್ರಾಯವನ್ನು ಪಡೆಯಬೇಕೆಂದಿತು. ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಗಣಿಯ ಕೆಲಸವು ಮಾತ್ರ ನಿಲ್ಲದೆ ನಡೆಯಿತು.

ತಜ್ಞರ ವರದಿಗಳು ಕೈಸೇರಿದುದು 2021ರಲ್ಲಿ. ಅಗೆತ ಆರಂಭವಾಗಿ ಎಂಟು ವರ್ಷಗಳಾದ ಮೇಲೆ! ಭಾರತೀಯ ವನ್ಯಜೀವಿ ಸಂಸ್ಥೆಯವರು ಅದರಲ್ಲಿ ತಿಳಿಸಿರುವ ಒಂದು ಸಂಗತಿ ಗಮನಾರ್ಹವಾದುದು. ಛತ್ತೀಸಗಢದಲ್ಲಿರುವ ಆನೆಗಳು ದೇಶದ ಆನೆಗಳಲ್ಲಿ ನೂರಕ್ಕೆ 1ಕ್ಕಿಂತಲೂ ಕಡಮೆ. ಆನೆಗಳಿಂದ ಸಾಯುವ ಜನರ ಪೈಕಿಯಾದರೋ ನೂರಕ್ಕೆ 15ಕ್ಕಿಂತ ಹೆಚ್ಚು ಮಂದಿ ಆ ಸೀಮೆಯವರು. ಕೆಲಸ ನಡೆಯುತ್ತಿರುವ ಗಣಿಯನ್ನು ಬಿಟ್ಟು ಉಳಿದ ಪ್ರದೇಶಕ್ಕೆ ಕೈಯಿಡಬಾರದೆಂದು ಆ ಸಂಸ್ಥೆಯವರು ಸಲಹೆಯಿತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯ ಹಳ್ಳಿಗರು ರಾಜಧಾನಿಯಾದ ರಾಯಪುರಕ್ಕೆ ಸುಮಾರು 300 ಕಿಲೋಮೀಟರು ನಡೆದುಹೋಗಿ ತಮ್ಮ ಅಹವಾಲನ್ನು ಹೇಳಿಕೊಂಡರು. ಅವರಿಂದ ಮೊದಲೇ ಕೇಳಿ ತಿಳಿಯಬಹುದಾಗಿದ್ದ ಮಾತಿಗೆ ಇಷ್ಟು ದೂರದ ನಡಿಗೆ ಅವಶ್ಯವಾಗಿತ್ತೆ?

ಹಾಗಾದರೆ ಪೂರ್ವಪರೀಕ್ಷೆಯಲ್ಲಿ ಏನನ್ನು ನೋಡಬೇಕು? ಮೊದಲನೆಯದು ನೀರು. ಬಾವಿಗಳ ನೀರು ವೈಶಾಖದಲ್ಲಿ ಎಷ್ಟು ಆಳಕ್ಕಿಳಿಯುತ್ತದೆ, ಮಳೆಯ ತರುವಾಯ ಎಷ್ಟು ಏರುತ್ತದೆ, ಯಾವ ಒರತೆ ವರ್ಷವಿಡೀ ಜಿನುಗುತ್ತದೆ ಎಂಬುದನ್ನು ಅಳೆದು ಬರೆದಿಡಬೇಕು. ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ವಿವರಗಳಿಂದ ತೃಪ್ತಿಪಡುವ ರೂಢಿ ಈಗ ಬಹಳವಾಗಿದೆ. ನಾಡಿಯನ್ನು ಒಂದು ಸಲ ಹಿಡಿದು ಆಯುಸ್ಸನ್ನು ಹೇಳಿದಂತೆಯೇ ಇದು. ಎರಡನೆಯದು ನೆಲದ ಉಪಯೋಗ. ದಫ್ತರದಲ್ಲಿ ಖರಾಬು ಎಂದು ಬರೆದಿರುವಲ್ಲಿ ದನಗಳು ಮೇಯುತ್ತಿರಬಹುದು. ಯಾರ ಹೆಸರಿನಲ್ಲಿಯೂ ಇಲ್ಲದ ಕಾಡಿನಿಂದ ಹಿಪ್ಪೆಯ ಹೂವನ್ನೂ ಬೀಡಿಯ ಎಲೆಯನ್ನೂ ಆಯ್ದು ನೂರಾರು ಸಂಸಾರಗಳು ಜೀವಿಸುತ್ತಿರಬಹುದು. ಆದುದರಿಂದ ದಫ್ತರವನ್ನು ನೋಡಿದರೆ ಸಾಲದು. ಊರವರೊಡನೆ ನಡೆದು ನೋಡಬೇಕು. ಮೂರನೆಯದು ಮೇಲ್ಮಣ್ಣು, ಗಿಡಮರ, ಪ್ರಾಣಿಗಳ ದಾರಿ, ದೇವರಬನ, ಸ್ಮಶಾನ. ಇವುಗಳಲ್ಲಿ ಕೆಲವಕ್ಕೆ ಬೆಲೆ ಕಟ್ಟಲಾಗದು. ಇವೆಯೆಂದು ಬರೆಯುವುದಕ್ಕಾದರೂ ಅಡ್ಡಿಯಿಲ್ಲ.

ದೇಶಕ್ಕೆ ಕಲ್ಲಿದ್ದಲು ಬೇಕು, ವಿಳಂಬದಿಂದ ಬಡವರ ಮನೆಯ ದೀಪವೇ ಆರೀತು ಎಂಬ ವಾದವುಂಟು. ಅದು ತಳ್ಳಿಹಾಕತಕ್ಕ ವಾದವಲ್ಲ. ಆದರೆ ನಾವು ಕೇಳುವ ಪರೀಕ್ಷೆಗೆ ಬೇಕಾದುದು ಒಂದು ವರ್ಷ. ಭೂವಿಜ್ಞಾನಿಗಳು ಮೇಲ್ಮೈಯ ನಕ್ಷೆಯನ್ನು ತಯಾರಿಸುವಾಗಲೇ ಅದನ್ನೂ ನಡೆಸಬಹುದು. ಹಸ್‌ದೇವ್‌ನ ವ್ಯಾಜ್ಯಕ್ಕೆ ಅದರ ಹತ್ತರಷ್ಟು ಕಾಲ ಹಿಡಿದಿದೆ. ಪರೀಕ್ಷೆಯ ಕೊನೆಯಲ್ಲಿ ಕೆಲವೆಡೆ ಕೊರೆಯಬಹುದೆಂದೂ ಕೆಲವೆಡೆ ಕೂಡದೆಂದೂ ತಿಳಿದುಬರುತ್ತದೆ. ಕೂಡದೆಂಬ ಕಡೆ ಕೊರೆಯುವ ವೆಚ್ಚವೂ ಉಳಿಯುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟೆ: ಅನ್ವೇಷಣೆಯ ಪ್ರಕಟಣೆಗೆ ಮುಂಚೆಯೇ ನೆಲದ ಲೆಕ್ಕವು ಸಿದ್ಧವಾಗಿರಬೇಕು, ಅದನ್ನು ಗ್ರಾಮಸಭೆಯಲ್ಲಿ ಅಲ್ಲಿಯವರ ಭಾಷೆಯಲ್ಲಿ ಓದಿ ಹೇಳಬೇಕು, ಅವರು ತಿದ್ದಿದುದನ್ನು ತಿದ್ದಿಕೊಳ್ಳಬೇಕು. ಆ ಕಲ್ಲಿದ್ದಲಿನ ಬೆಳಕನ್ನು ದೂರದಲ್ಲಿ ಕುಳಿತು ಉಪಯೋಗಿಸುವ ನಮ್ಮಂಥ ನಗರವಾಸಿಗಳು ಈ ಲೆಕ್ಕವೆಲ್ಲಿ ಎಂದು ಕೇಳುವುದನ್ನು ರೂಢಿಮಾಡಿಕೊಂಡರೆ, ಅದನ್ನು ಬರೆಯಿಸುವ ಕೆಲಸ ಅರ್ಧ ಆದಂತೆಯೇ.